ಸ್ಲೀಪರ್ ಬಸ್‌ಗೆ ಬೆಂಕಿ: ಹೊತ್ತಿದ್ದು ಹೇಗೆ, ಹೊರಬರಲು ಆಗದಿದ್ದು ಏಕೆ?

2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸೊಂದು ಕರ್ನೂಲು ಬಳಿಯ ಚಿನ್ನಟೇಕೂರಿನಲ್ಲಿ ಸುಟ್ಟುಹೋಯಿತು. 19 ಪ್ರಯಾಣಿಕರು ಸತ್ತರು. ಆಮೇಲೆ ಒಂದು ವಾರ ಟಿವಿಯಲ್ಲಿ, ಪತ್ರಿಕೆಗಳಲ್ಲಿ ಕಾರಣಗಳ ಮೆರವಣಿಗೆಯೇ ನಡೆಯಿತು. ರಸ್ತೆಯಲ್ಲಿ ಬಿದ್ದಿದ್ದ ಬೈಕ್ ಕಾರಣ ಅಂದರು. ಬೈಕಿನ ಪೆಟ್ರೋಲ್ ಅಂದರು. ಪಾರ್ಸೆಲ್ ಆಗಿ ಬರುತ್ತಿದ್ದ 234 ಮೊಬೈಲ್ ಫೋನುಗಳ ಬ್ಯಾಟರಿ ಸಿಡಿದವು ಅಂದರು. ಬಸ್ಸಿನ ಬ್ಯಾಟರಿ ಅಂದರು. ಬಾಗಿಲು ತೆರೆಯಲಿಲ್ಲ ಅಂದರು. ಸೀಟರ್ ಬಸ್ಸನ್ನು ಸ್ಲೀಪರ್ ಮಾಡಿದ್ದರು ಅಂದರು. ಓದುವವರಿಗೆ ತಲೆಕೆಟ್ಟಿತು. ಇಷ್ಟರಲ್ಲಿ ಯಾವುದು ನಿಜ?

ಇವೆಲ್ಲ ಒಂದೇ ಪ್ರಶ್ನೆಗೆ ಸಿಕ್ಕ ಬೇರೆ ಬೇರೆ ಉತ್ತರ ಅಂದುಕೊಂಡರೆ ಗೊಂದಲವೇ ಉಳಿಯುತ್ತದೆ. ಇಲ್ಲಿ ಪ್ರಶ್ನೆ ಎರಡಿದೆ. ಬೆಂಕಿ ಹೊತ್ತಿದ್ದು ಏಕೆ ಅನ್ನೋದು ಮೊದಲನೆಯದು. ಒಳಗಿದ್ದವರು ಹೊರಗೆ ಬರಲು ಆಗಲಿಲ್ಲವೇಕೆ ಅನ್ನೋದು ಎರಡನೆಯದು. ಮೊದಲನೆಯದಕ್ಕೆ ಪ್ರತಿ ಸಲವೂ ಹೊಸ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಮಾತ್ರ ಹೆಚ್ಚುಕಡಿಮೆ ಪ್ರತಿ ಸಲವೂ ಅದೇ ಹಳೇ ಉತ್ತರ. ನಮ್ಮಲ್ಲಿ ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ ಗಿರಕಿ ಹೊಡೆಯುತ್ತದೆ, ಸಾವು ಎರಡನೆಯದರಲ್ಲಿ ಸಂಭವಿಸುತ್ತದೆ.

ಪಟ್ಟಿ ಉದ್ದವಿದೆ

ಕರ್ನೂಲಿಗೆ ಹತ್ತು ದಿನ ಮೊದಲು, ಅಕ್ಟೋಬರ್ 14ರಂದು, ಜೈಸಲ್ಮೇರ್‌ನಿಂದ ಜೋಧಪುರಕ್ಕೆ ಹೊರಟಿದ್ದ ಬಸ್ ಹಾಡಹಗಲೇ ಉರಿಯಿತು. 20ಕ್ಕೂ ಹೆಚ್ಚು ಜನ ಸತ್ತರು. ಅದು ಯಾವುದಕ್ಕೂ ಗುದ್ದಿರಲಿಲ್ಲ. ಡಿಸೆಂಬರ್ 25ರ ನಸುಕಿನಲ್ಲಿ ನಮ್ಮ ಹಿರಿಯೂರು ತಾಲ್ಲೂಕಿನ ಗೊರ್ಲತ್ತು ಬಳಿ, ಬೆಂಗಳೂರಿನಿಂದ ಗೋಕರ್ಣಕ್ಕೆ ಹೋಗುತ್ತಿದ್ದ ಸ್ಲೀಪರ್ ಬಸ್‌ಗೆ ಎದುರು ದಿಕ್ಕಿನ ಕಂಟೇನರ್ ಲಾರಿ ಡಿವೈಡರ್ ಹಾರಿ ಬಂದು ಗುದ್ದಿತು. ಬಸ್ ಅಲ್ಲೇ ಉರಿದುಹೋಯಿತು. ಆ ಬಸ್ಸಿನ ಚಾಲಕ ತನ್ನ ಪಾಡಿಗೆ ತನ್ನ ಲೇನಿನಲ್ಲಿ ಹೋಗುತ್ತಿದ್ದ.

ಹಿಂದಕ್ಕೆ ಹೋದರೆ ಇನ್ನೂ ಇದೆ. 2023ರ ಜುಲೈ 1ರಂದು ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಸಮೃದ್ಧಿ ಎಕ್ಸ್‌ಪ್ರೆಸ್‌ವೇಯಲ್ಲಿ 25 ಜನ. 2022ರ ಅಕ್ಟೋಬರ್‌ನಲ್ಲಿ ನಾಸಿಕ್‌ನಲ್ಲಿ 12 ಜನ. ಅದೇ ವರ್ಷದ ಜೂನ್‌ನಲ್ಲಿ ಗೋವಾದಿಂದ ಹೈದರಾಬಾದ್‌ಗೆ ಮರಳುತ್ತಿದ್ದ ಬಸ್ ಕಲಬುರಗಿಯ ಕಮಲಾಪುರದ ಬಳಿ ಉರಿಯಿತು. 2020ರ ಆಗಸ್ಟ್‌ನಲ್ಲಿ ಇದೇ ಹಿರಿಯೂರಿನ ಹತ್ತಿರ, ವಿಜಯಪುರದಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸಿನಲ್ಲಿ ಮಕ್ಕಳೂ ಸೇರಿ ಐವರು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟ ವೋಲ್ವೋ ಬಸ್ ಮಹಬೂಬ್‌ನಗರದ ಪಾಲೆಂ ಬಳಿ ಮೋರಿಯ ಕಟ್ಟೆಗೆ ಗುದ್ದಿ ಉರಿದಾಗ ಸತ್ತವರು 45. ಆ ಬೂದಿ ಆರುವ ಮೊದಲೇ, ನವೆಂಬರ್ 14ಕ್ಕೆ, ಹಾವೇರಿ ಹತ್ತಿರ ಇನ್ನೊಂದು ಬಸ್, ಇನ್ನೂ 7 ಸಾವು.

ಗುದ್ದಿದ ಬಸ್, ಗುದ್ದದ ಬಸ್, ಹೊಸ ಬಸ್, ಹಳೇ ಬಸ್, ಎಲ್ಲವೂ ಈ ಪಟ್ಟಿಯಲ್ಲಿವೆ. ಪಾಲೆಂನಲ್ಲಿ ಉರಿದದ್ದು ಸೀಟಿನ ಬಸ್, ಅದೂ ಹೆಸರಾಂತ ಕಂಪನಿಯದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಂಕಿ ಹುಟ್ಟುವ ಜಾಗಗಳು

ಡೀಸೆಲ್ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿದೆ. ಅರ್ಧ ನಿಜ. ತಣ್ಣಗಿನ ಡೀಸೆಲ್ ತುಂಬಿದ ಬೋಗುಣಿಗೆ ಉರಿಯುವ ಕಡ್ಡಿ ಹಾಕಿದರೆ ಕಡ್ಡಿಯೇ ಆರಿಹೋಗಬಹುದು. ಅದೇ ಡೀಸೆಲ್ ಬಿಸಿಯಾಗಿದ್ದರೆ ಅಥವಾ ತುಂತುರಾಗಿ ಚಿಮ್ಮಿದರೆ ಕಥೆಯೇ ಬೇರೆ. ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದರ ಆವಿಗೆ ಕಿಡಿಯೇ ಬೇಡ, ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಘಾಟಿ ಏರಿ ಬಂದ ಬಸ್ಸಿನ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ), ಅದರ ಪಕ್ಕದ ಹೊಗೆ ಕೊಳವೆ ಇದರ ಎರಡು ಪಟ್ಟು ಬಿಸಿ ಇರುತ್ತವೆ. ಅಲ್ಲಿಗೆ ಹೋಗುವ ಒಂದು ರಬ್ಬರ್ ಪೈಪು ಬಿರುಕು ಬಿಟ್ಟರೆ ಸಾಕು. ಡೀಸೆಲ್ ಆಗಬೇಕೆಂದಿಲ್ಲ, ಎಂಜಿನ್ ಆಯಿಲ್ಲಾದರೂ ಅಷ್ಟೇ.

ಎಂಜಿನ್ ಮುಂದಿದ್ದರೆ ಹೊಗೆ ಚಾಲಕನ ಮೂಗಿಗೆ ತಕ್ಷಣ ಬಡಿಯುತ್ತದೆ. ಹಿಂದಿದ್ದರೆ? ಎಂಜಿನ್ ಚಾಲಕನಿಂದ ಹತ್ತು ಮೀಟರ್ ಆಚೆ. ಬಸ್ ಓಡುತ್ತಿರುವಾಗ ಹೊಗೆಯೆಲ್ಲ ಹಿಂದಕ್ಕೇ ಹೋಗುತ್ತದೆ. ಎಷ್ಟೋ ಸಲ ಹಿಂದಿನ ಕಾರಿನವರು ಓವರ್‌ಟೇಕ್ ಮಾಡಿ ಬಂದು ಕೈಬೀಸಿ ಹೇಳುವವರೆಗೂ ಚಾಲಕನಿಗೆ ಗೊತ್ತೇ ಇರುವುದಿಲ್ಲ.

ಎರಡನೇ ಜಾಗ ಚಕ್ರ. ಹಿಂದೆ ಜೋಡಿ ಟೈರ್ ಇರುತ್ತವಲ್ಲ, ಅದರಲ್ಲಿ ಒಳಗಿನದಕ್ಕೆ ಗಾಳಿ ಕಡಿಮೆಯಾದರೆ ಹೊರಗಿನದು ಭಾರವನ್ನೆಲ್ಲ ಹೊರುತ್ತದೆ. ಸೋತ ಟೈರ್ ಮಡಚಿ ಮಡಚಿ ಕಾಯುತ್ತದೆ. ಅಥವಾ ಏರ್ ಬ್ರೇಕ್ ಒಂದು ಚಕ್ರದಲ್ಲಿ ಪೂರ್ತಿ ಬಿಡದೆ ಬ್ರೇಕಿನ ಲೈನರ್ ಚಕ್ರದೊಳಗಿನ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಇನ್ನೂರಕ್ಕೂ ಹೆಚ್ಚು ಅಶ್ವಶಕ್ತಿಯ ಎಂಜಿನ್‌ಗೆ ಒಂದು ಚಕ್ರ ಹಿಡಿದುಕೊಂಡರೆ ಲೆಕ್ಕಕ್ಕೇ ಇಲ್ಲ, ಎಳೆದುಕೊಂಡು ಹೋಗುತ್ತದೆ. ವಿಚಿತ್ರ ಏನೆಂದರೆ, ಓಡುವಾಗ ಗಾಳಿ ಬಡಿದು ಚಕ್ರ ತುಸು ತಣ್ಣಗಿರುತ್ತದೆ. ಚಹಾಕ್ಕೆಂದು ಢಾಬಾ ಮುಂದೆ ನಿಲ್ಲಿಸಿದಾಗಲೇ ಡ್ರಮ್ಮಿನ ಶಾಖವೆಲ್ಲ ರಬ್ಬರಿಗೆ ಹತ್ತಿ ಬೆಂಕಿ ಏಳುವುದುಂಟು. ಟೈರ್ ಬೆಂಕಿಗೆ ಇನ್ನೊಂದು ಕೆಟ್ಟ ಚಾಳಿ: ನಂದಿತು ಅಂದುಕೊಂಡ ಮೇಲೂ ಒಳಗಿನ ಕಾವಿಗೆ ಮತ್ತೆ ಹೊತ್ತುತ್ತದೆ.

ಮೂರನೆಯದು ಅಪಘಾತದ ಗುದ್ದು. ಟ್ಯಾಂಕಿನಲ್ಲಿ ನೂರಾರು ಲೀಟರ್ ಡೀಸೆಲ್. ಟ್ಯಾಂಕ್ ಒಡೆದರೆ ಅದು ಚಿಮ್ಮುತ್ತದೆ, ಕಬ್ಬಿಣ ರಸ್ತೆಗೆ ಉಜ್ಜಿ ಕಿಡಿ ಹಾರುತ್ತದೆ. ಹಿರಿಯೂರಿನಲ್ಲಿ ಲಾರಿಯ ಪೆಟ್ಟು ಟ್ಯಾಂಕ್ ಇದ್ದ ಕಡೆಗೇ ಬಿತ್ತು ಎಂದು ವರದಿಯಾಯಿತು. ಕರ್ನೂಲಿನಲ್ಲಿ ಬಸ್ಸಿನ ಟ್ಯಾಂಕಿಗಿಂತ ಮೊದಲು ಒಡೆದದ್ದು ಬಸ್ಸಿನಡಿ ಸಿಕ್ಕಿ ಎಳೆದುಕೊಂಡು ಬಂದ ಬೈಕಿನದು. ಪೆಟ್ರೋಲ್ ಡೀಸೆಲ್ಲಿನ ಹಾಗಲ್ಲ. ಎಂಥ ಚಳಿಯಲ್ಲೂ ಅದರ ಆವಿ ಕಿಡಿಗಾಗಿ ಕಾಯುತ್ತಲೇ ಇರುತ್ತದೆ.

‘ಶಾರ್ಟ್ ಸರ್ಕ್ಯೂಟ್’ ಎಂಬ ರೆಡಿಮೇಡ್ ಉತ್ತರ

ಏನೂ ಗುದ್ದದೆ ಬೆಂಕಿ ಬಿದ್ದರೆ ಸಂಜೆಯೊಳಗೆ ಬರುವ ಕಾರಣ ಇದು. ಪೂರ್ತಿ ಸುಳ್ಳೇನಲ್ಲ, ಆದರೆ ಅದನ್ನು ಕೇಳಿದ ಕೂಡಲೇ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ಸಿಡಿಲು ಬಡಿದಂತೆ, ಯಾರ ಕೈಯಲ್ಲೂ ಇಲ್ಲದ ಸಂಗತಿಯಂತೆ ಕೇಳಿಸುತ್ತದೆ ಅದು. ನಿಜಕ್ಕೂ ಅದರ ಹಿಂದೆ ಒಬ್ಬ ವೈರಿಂಗ್ ಮಾಡಿದವನ ಕೈ ಇರುತ್ತದೆ.

ಬಸ್ಸಿನಲ್ಲಿ ಓಡುವುದು 24 ವೋಲ್ಟ್. ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ ಎಂಬ ಭಾವನೆ. ಆದರೆ ವೋಲ್ಟ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಕರೆಂಟು ಜಾಸ್ತಿ ಹರಿಯಬೇಕು. ವೈರ್ ಕಾಯಿಸುವುದು ಆ ಕರೆಂಟು. ಒಂದು ಲೆಕ್ಕ ನೋಡಿ. ಎಸಿಯ ಬ್ಲೋವರ್‌ಗೆ ಹೋಗುವ ವೈರಿನಲ್ಲಿ 20 ಆಂಪ್ಸ್ ಹರಿಯುತ್ತಿದೆ. ನಡುವೆ ಎಲ್ಲೋ ಒಂದು ಕಡೆ ಎರಡು ವೈರ್ ಕೈಯಲ್ಲೇ ತಿರುಚಿ ಟೇಪ್ ಸುತ್ತಿದ್ದಾರೆ. ಬಸ್ಸಿನ ಅದುರಾಟಕ್ಕೆ ಆ ಜಾಯಿಂಟ್ ಸಡಿಲವಾಗಿ 0.1 ಓಮ್ ತಡೆ ಬಂತು ಅನ್ನಿ. ಆ ಒಂದೇ ಬಿಂದುವಿನಲ್ಲಿ ಹುಟ್ಟುವ ಶಾಖ 40 ವ್ಯಾಟ್. ರೇಡಿಯೊ ರಿಪೇರಿಯವನ ಸೋಲ್ಡರಿಂಗ್ ಐರನ್ ಇರುವುದೂ ಸುಮಾರು ಅಷ್ಟೇ ವ್ಯಾಟಿನದು. ಅಂದರೆ ಪ್ಲೈವುಡ್ಡಿಗೂ ರೆಕ್ಸಿನ್ನಿಗೂ ನಡುವೆ, ಕಣ್ಣಿಗೆ ಕಾಣದ ಕಡೆ, ರಾತ್ರಿಯಿಡೀ ಉರಿಯುವ ಸೋಲ್ಡರಿಂಗ್ ಐರನ್ ಸಿಕ್ಕಿಸಿಟ್ಟ ಹಾಗೆ.

ಫ್ಯೂಸ್ ಹೋಗಬೇಕಿತ್ತಲ್ವಾ? ಹೋಗುವುದಿಲ್ಲ. ಫ್ಯೂಸ್ ನೋಡುವುದು ಕರೆಂಟು ಮಿತಿ ಮೀರಿತೇ ಎಂದಷ್ಟೇ. ಇಲ್ಲಿ ಹರಿಯುತ್ತಿರುವುದು ಎಂದಿನ 20 ಆಂಪ್ಸೇ. ಫ್ಯೂಸಿನ ಮಟ್ಟಿಗೆ ಎಲ್ಲವೂ ಸರಿಯಾಗಿದೆ. ಇದರ ಮೇಲೆ ಪದೇ ಪದೇ ಫ್ಯೂಸ್ ಹೋಗುತ್ತದೆಂದು ದೊಡ್ಡದು ಹಾಕಿದರೆ, ಅಥವಾ ಒಂದು ಎಳೆ ವೈರ್ ಸುತ್ತಿಬಿಟ್ಟರೆ, ಆ ಕಾವಲೂ ಹೋಯಿತು.

ಈಗ ಸ್ಲೀಪರ್ ಬಸ್ಸಿನೊಳಗೆ ಏನೇನಿದೆ ಎಣಿಸಿ. ಪ್ರತಿ ಬರ್ತಿಗೂ ಒಂದು ಲೈಟು, ಒಂದು ಚಾರ್ಜಿಂಗ್ ಪಾಯಿಂಟು, ಎಸಿ ಗಾಳಿಯ ಕಿಂಡಿ. ಜೊತೆಗೆ ಟಿವಿ, ವೈಫೈ, ನೀಲಿ ಬಣ್ಣದ ಅಲಂಕಾರದ ದೀಪ. ಕಂಪನಿಯವರು ಚಾಸಿ (ಬಾಡಿ ಇಲ್ಲದ ಚೌಕಟ್ಟು) ಕೊಟ್ಟಾಗ ಇದಾವುದೂ ಇರಲಿಲ್ಲ. ನಾನ್ ಎಸಿ ಬಸ್‌ಗೆ ಆಮೇಲೆ ಎಸಿ ಕೂರಿಸಿದರಂತೂ ಹಳೇ ವೈರಿಂಗಿನ ಮೇಲೆ ಹೊಸ ಹೊರೆ. ಜೈಸಲ್ಮೇರ್ ಬಸ್ಸಿನ ಬಗ್ಗೆ ಕೇಳಿಬಂದ ಮುಖ್ಯ ಆರೋಪ ಇದೇ.

ಸಾಮಾನು ತುಂಬುವ ಡಿಕ್ಕಿಯಲ್ಲಿ ಏನಿದೆ?

ಖಾಸಗಿ ಬಸ್‌ಗಳ ಆದಾಯದಲ್ಲಿ ಪಾರ್ಸೆಲ್ ಸಣ್ಣ ಪಾಲಲ್ಲ. ಸೀಟು ಖಾಲಿ ಹೋದರೂ ಡಿಕ್ಕಿ ಖಾಲಿ ಹೋಗಬಾರದು ಅನ್ನುವ ಲೆಕ್ಕಾಚಾರ. ಬಣ್ಣ, ಥಿನ್ನರ್, ದೀಪಾವಳಿ ಹೊತ್ತಿಗೆ ಪಟಾಕಿ, ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಿಕೊಂಡೇ ಮಲಗಿಸಿದ ಬೈಕು, ಯಾವುದೂ ಹೋಗುತ್ತದೆ. ಪೆಟ್ಟಿಗೆ ತೆರೆದು ನೋಡುವವರಿಲ್ಲ. ಲಿಥಿಯಂ ಬ್ಯಾಟರಿಯ ಫೋನು ಒಂದೊಂದಾಗಿ ಸಾಧು. ನೂರಾರು ಒಂದೇ ಕಡೆ ಇದ್ದು ಹೊರಗಿನ ಬೆಂಕಿ ತಗುಲಿದರೆ ಒಂದರ ಶಾಖಕ್ಕೆ ಇನ್ನೊಂದು ಸಿಡಿಯುತ್ತ ಹೋಗುತ್ತದೆ. ಕರ್ನೂಲಿನಲ್ಲಿ ಫೋನುಗಳು ಬೆಂಕಿ ಹಚ್ಚಲಿಲ್ಲ, ಹಚ್ಚಿದ ಬೆಂಕಿಗೆ ಬಲ ಕೊಟ್ಟವು ಅನ್ನುವುದು ಸರಿಯಾದ ಮಾತು. ಮಲಗಿದ್ದವರ ಕೆಳಗೇ ಇದೆಲ್ಲ ಇರುತ್ತದೆ ಅನ್ನೋದನ್ನು ಮರೆಯಬಾರದು.

ಅಡುಗೆ ಗ್ಯಾಸ್ ಇನ್ನೊಂದು. ಯಾತ್ರೆಗೆ ಹೋಗುವ ಬಸ್ಸಿನಲ್ಲಿ ಒಲೆ, ಸಿಲಿಂಡರ್, ಪಾತ್ರೆ ಸಮೇತ ಹೊರಡುವುದು ನಮ್ಮಲ್ಲಿ ಮಾಮೂಲು. 2023ರ ಆಗಸ್ಟ್ 26ರಂದು ಮಧುರೈನಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಯಲ್ಲಿ ಕದ್ದುಮುಚ್ಚಿ ತಂದ ಸಿಲಿಂಡರಿನಿಂದ ಬೆಂಕಿ ಎದ್ದು 9 ಜನ ಸತ್ತರು. ಈಗ ಜನಪ್ರಿಯವಾಗುತ್ತಿರುವ ಕ್ಯಾರವಾನ್‌ಗಳಿಗೂ ಇದೇ ಎಚ್ಚರಿಕೆ ಬೇಕು. ಅಡುಗೆಮನೆ, ಹಾಸಿಗೆ, ಇಂಧನ ಟ್ಯಾಂಕ್ ಮೂರೂ ಒಂದೇ ಪೆಟ್ಟಿಗೆಯಲ್ಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೆರೆಯಂತೆ ನಿಲ್ಲುತ್ತದೆ. ಓಡುವಾಗ ಸಿಲಿಂಡರ್ ತಿರುಪು ಮುಚ್ಚಿರಲೇಬೇಕು.

ಒಳಗಿನ ಎರಡು ಮೂರು ನಿಮಿಷ

ಈಗ ಎರಡನೇ ಪ್ರಶ್ನೆಗೆ ಬರೋಣ. ವಾಹನದೊಳಗಿನ ಬಟ್ಟೆ, ಫೋಮು, ರೆಕ್ಸಿನ್‌ಗಳಿಗೆ ಭಾರತದಲ್ಲಿ ಐಎಸ್ 15061 ಅನ್ನುವ ಮಾನದಂಡವಿದೆ. ತುಣುಕನ್ನು ಅಡ್ಡಲಾಗಿ ಮಲಗಿಸಿ ತುದಿಗೆ ಬೆಂಕಿ ತಾಗಿಸುತ್ತಾರೆ. ನಿಮಿಷಕ್ಕೆ 100 ಮಿಲಿಮೀಟರಿಗಿಂತ ವೇಗವಾಗಿ ಉರಿಯಬಾರದು. ಆ ಲೆಕ್ಕದಲ್ಲಿ 12 ಮೀಟರ್ ಬಸ್ ಉರಿಯಲು ಎರಡು ಗಂಟೆ ಬೇಕು. ನಿಜದಲ್ಲಿ ಕೆಲವೇ ನಿಮಿಷ. ಏಕೆ?

ಬೆಂಕಿ ಅಡ್ಡಕ್ಕೆ ನಿಧಾನ, ಮೇಲಕ್ಕೆ ಬಲು ವೇಗ. ಊದಿನಕಡ್ಡಿ ಪೊಟ್ಟಣವನ್ನು ಮಲಗಿಸಿ ಹಚ್ಚುವುದಕ್ಕೂ ನಿಲ್ಲಿಸಿ ಬುಡಕ್ಕೆ ಹಚ್ಚುವುದಕ್ಕೂ ಇರುವ ವ್ಯತ್ಯಾಸ ಅದು. ಸ್ಲೀಪರ್ ಬಸ್ಸಿನಲ್ಲಿ ನೇತಾಡುವ ವಸ್ತುಗಳೇ ಹೆಚ್ಚು. ಪ್ರತಿ ಬರ್ತಿಗೂ ಪರದೆ, ನಡುವೆ ನಿಂತ ಪ್ಲೈವುಡ್ ಗೋಡೆ. ಬೆಂಕಿ ಒಂದು ಪರದೆ ಹಿಡಿದು ಚಾವಣಿ ಮುಟ್ಟಿದರೆ ಅಲ್ಲಿ ಬಿಸಿ ಹೊಗೆ ಉದ್ದಕ್ಕೂ ಹರಡುತ್ತದೆ. ಆ ಶಾಖಕ್ಕೆ ಇನ್ನೂ ಬೆಂಕಿ ಮುಟ್ಟದ ಹಾಸಿಗೆಗಳೂ ಆವಿ ಬಿಡತೊಡಗುತ್ತವೆ. ಆಮೇಲೆ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ.

ಮೊದಲು ಕೊಲ್ಲುವುದು ಬೆಂಕಿಗಿಂತ ಹೊಗೆ. ಪಾಲಿಯುರೆಥೇನ್ ಫೋಮು ಉರಿದರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಹೊಗೆ ಮೇಲಿನಿಂದ ತುಂಬಿಕೊಂಡು ಬರುವುದರಿಂದ ಮೇಲಿನ ಬರ್ತಿನವರ ಮೂಗಿಗೆ ಮೊದಲು. ಅವರ ಮುಖಕ್ಕೂ ಚಾವಣಿಗೂ ಇರುವುದು ಮೂರಡಿಯೂ ಇಲ್ಲ. ಎಚ್ಚರವಾಗುವ ಮುನ್ನವೇ ಪ್ರಜ್ಞೆ ತಪ್ಪಬಹುದು.

ಒಂದು ಬಾಗಿಲು, 36 ಜನ

ಸೀಟಿನ ಬಸ್ಸಿನಲ್ಲಿ ಎಚ್ಚರವಾದವನು ಎದ್ದು ನಿಂತರೆ ದಾರಿಯಲ್ಲಿರುತ್ತಾನೆ. ಸ್ಲೀಪರ್‌ನಲ್ಲಿ ಮೇಲೆ ಮಲಗಿದವನು ಪರದೆ ಸರಿಸಬೇಕು, ಕತ್ತಲಲ್ಲಿ ಏಣಿಯ ಮೆಟ್ಟಿಲು ಕಾಲಲ್ಲಿ ತಡಕಬೇಕು, ಕೆಳಗಿನವರ ಮೈಮೇಲೆ ಇಳಿಯಬೇಕು. ಒಂದು ಕಡೆ ಜೋಡಿ ಬರ್ತು, ಇನ್ನೊಂದು ಕಡೆ ಒಂಟಿ ಬರ್ತು, ನಡುವೆ ಉಳಿದ ಓಣಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಒರಗಿಕೊಳ್ಳಬೇಕು. ಓಣಿಯಲ್ಲಿ ಚಪ್ಪಲಿ, ಬ್ಯಾಗು. 30ರಿಂದ 36 ಜನ ಹೀಗೆ ಮುಂದಿನ ಎಡಗಡೆಯ ಒಂದೇ ಬಾಗಿಲಿಗೆ ನುಗ್ಗಬೇಕು. ಒಬ್ಬೊಬ್ಬರಿಗೆ ಐದೇ ಸೆಕೆಂಡ್ ಎಂದುಕೊಂಡರೂ ಮೂರು ನಿಮಿಷವಾಯಿತು. ಯಾರೂ ಮುಗ್ಗರಿಸದಿದ್ದರೆ, ಯಾರೂ ಮೊಬೈಲ್ ಹುಡುಕದಿದ್ದರೆ.

ಬುಲ್ಢಾಣಾದಲ್ಲಿ ಬಸ್ ಎಡಕ್ಕೇ ಮಗುಚಿತು. ಬಾಗಿಲು ರಸ್ತೆಗೆ ಒತ್ತಿ ಮುಚ್ಚಿಹೋಯಿತು. ಬಲಗಡೆ ಕಿಟಕಿಗಳು ತಲೆಯ ಮೇಲೆ ಚಾವಣಿಯಾದವು. ಕಿಟಕಿ ಒಡೆದುಕೊಂಡು ಮೇಲೆ ಬಂದವರಷ್ಟೇ ಉಳಿದರು.

ನಿಯಮದಲ್ಲಿ ತುರ್ತು ದ್ವಾರಗಳಿವೆ. ಸ್ಲೀಪರ್ ಬಸ್‌ಗಳಿಗೆಂದೇ ಎಐಎಸ್-119 ಅನ್ನುವ ಪ್ರತ್ಯೇಕ ಸಂಹಿತೆ ಇದೆ. ಕಷ್ಟ ಕಾಗದದಲ್ಲಿಲ್ಲ. ತುರ್ತು ಬಾಗಿಲಿನ ಎದುರೇ ಒಂದು ಬರ್ತು ಕೂರಿಸಿದರೆ ಒಂದು ಟಿಕೆಟ್ ಹೆಚ್ಚು. ವರ್ಷಕ್ಕೆ ಮುನ್ನೂರು ರಾತ್ರಿ, ರಾತ್ರಿಗೆ ಸಾವಿರ ರೂಪಾಯಿ ಅಂದರೂ 3 ಲಕ್ಷ. ಆ ಬಾಗಿಲು ಬಳಕೆಯಾಗದ ವರ್ಷಗಳೇ ಹೆಚ್ಚಾದ್ದರಿಂದ ಮಾಲೀಕನಿಗೆ ಅದು ವ್ಯರ್ಥ ಜಾಗ ಅನ್ನಿಸುತ್ತದೆ. ಚಾವಣಿಯ ಕಿಂಡಿಯ ಮೇಲೆ ಎಸಿ ಕೂರುತ್ತದೆ. ಸುತ್ತಿಗೆ ಕಳವಾಗುತ್ತದೆಂದು ಚಾಲಕನ ಡಬ್ಬಿಯಲ್ಲಿ ಬೀಗ ಹಾಕಿಟ್ಟಿರುತ್ತಾರೆ.

ಬಾಡಿ ಕಟ್ಟುವ ಶೆಡ್ಡಿನಲ್ಲಿ

ನಮ್ಮಲ್ಲಿ ಬಹುತೇಕ ಬಸ್‌ಗಳು ಕಾರಿನ ಹಾಗೆ ಕಾರ್ಖಾನೆಯಿಂದ ಸಿದ್ಧವಾಗಿ ಬರುವುದಿಲ್ಲ. ಎಂಜಿನ್, ಚಕ್ರ, ಚೌಕಟ್ಟು ಮಾತ್ರ ಕಂಪನಿಯದು. ಮಾಲೀಕ ಅದನ್ನು ಬಾಡಿ ಕಟ್ಟುವವರ ಬಳಿ ತರುತ್ತಾನೆ. ಅವರಲ್ಲಿ ಒಳ್ಳೆಯ ದೊಡ್ಡ ಘಟಕಗಳೂ ಇವೆ, ತಗಡಿನ ಶೆಡ್ಡುಗಳೂ ಇವೆ. ಪರೀಕ್ಷೆಗೆ ಒಂದು ಮಾದರಿ ಹೋಗಿ ಪಾಸಾಗುತ್ತದೆ. ಆಮೇಲೆ ಕಟ್ಟುವ ನೂರನೇ ಬಸ್ಸಿನ ಪರದೆಯ ಬಟ್ಟೆ ಮಾದರಿಯದ್ದೇ ಎಂದು ಯಾರು ನೋಡುತ್ತಾರೆ?

ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವಾಗ ನೋಡಬಹುದಲ್ಲ ಅನ್ನಬಹುದು. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ತಪಾಸಣೆ ಕಡ್ಡಾಯ. ಅದರಲ್ಲಿ ಬ್ರೇಕು, ಹೊಗೆ, ದೀಪ ಅಳೆಯುತ್ತಾರೆ. ಪ್ಲೈವುಡ್ ಹಿಂದಿನ ಜಾಯಿಂಟನ್ನು ಯಂತ್ರ ನೋಡುವುದಿಲ್ಲ. ತುರ್ತು ಬಾಗಿಲಿನ ಮುಂದಿನ ಬರ್ತನ್ನು ಆ ದಿನ ಬಿಚ್ಚಿಟ್ಟು ಮರುದಿನ ಕೂರಿಸಲು ನಾಲ್ಕು ಬೋಲ್ಟ್ ಸಾಕು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ ಶಿಕ್ಷೆ: ಆರು ತಿಂಗಳವರೆಗೆ ಜೈಲು, ಅಥವಾ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಅಥವಾ ಎರಡೂ. ದಂಡ ಕಟ್ಟಿ ಮುಗಿಸಿದರೆ ಆ ಹೆಚ್ಚುವರಿ ಬರ್ತು ಅದನ್ನು ಒಂದು ವಾರದಲ್ಲೇ ದುಡಿದುಕೊಡುತ್ತದೆ.

ಬಸ್ ಬೆಂಗಳೂರಿನದು, ನಂಬರ್ ನಾಗಾಲ್ಯಾಂಡಿನದು

ಇನ್ನೊಂದು ಗೊಂದಲ ನಂಬರ್ ಪ್ಲೇಟಿನದು. ನಮ್ಮೂರಿನ ಬಸ್‌ಗೆ ನಾಗಾಲ್ಯಾಂಡ್, ಅರುಣಾಚಲ, ದಮನ್ ನೋಂದಣಿ ಏಕೆ? ತೆರಿಗೆ. ಕರ್ನಾಟಕ ಮತ್ತು ನೆರೆಯ ರಾಜ್ಯಗಳು ಸೀಟು, ಬರ್ತು ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ದೊಡ್ಡ ತೆರಿಗೆ ಹಾಕುತ್ತವೆ. ಅಲ್ಲಿ ಕಡಿಮೆ. ಕೇಂದ್ರದ ಅಖಿಲ ಭಾರತ ಪ್ರವಾಸಿ ಪರ್ಮಿಟ್ ತೆಗೆದುಕೊಂಡರೆ ದೇಶವೆಲ್ಲ ಓಡಬಹುದು. ಕರ್ನೂಲಿನ ಬಸ್ ಮೊದಲು ದಮನ್ ದಿಯುವಿನಲ್ಲಿ, ಆಮೇಲೆ ಒಡಿಶಾದಲ್ಲಿ ನೋಂದಣಿಯಾಗಿತ್ತು.

ತೆರಿಗೆ ಉಳಿಸುವುದೇ ಬೆಂಕಿಗೆ ಕಾರಣವಲ್ಲ. ಆದರೆ ಪರಿಣಾಮ ಹೀಗೆ: ಬಸ್ ದಿನಾ ಓಡುವ ರಾಜ್ಯದ ಆರ್‌ಟಿಒ ಬಳಿ ಅದರ ಮೂಲ ಕಡತವಿರುವುದಿಲ್ಲ. ಕಡತವಿರುವ ಕಚೇರಿ ಬಸ್ಸನ್ನು ನೋಡುವುದು ಅಪರೂಪ. ಸೀಟರ್ ಎಂದು ಬರೆದದ್ದು ಸ್ಲೀಪರ್ ಆಗಿದ್ದರೆ ಇಬ್ಬರ ನಡುವೆ ಜಾರಿಹೋಗುತ್ತದೆ. ಇದಕ್ಕೆ ರಾಜ್ಯಗಳು ಕೇಂದ್ರದ ಪರ್ಮಿಟ್ ನೀತಿಯನ್ನು ದೂರುತ್ತವೆ. ಮಾಲೀಕರು ರಾಜ್ಯಗಳ ತೆರಿಗೆಯನ್ನು ದೂರುತ್ತಾರೆ. ಇಬ್ಬರ ಮಾತಲ್ಲೂ ಹುರುಳಿದೆ.

ನಿಷೇಧಿಸಬೇಕೇ?

ಸ್ಲೀಪರ್ ಬಸ್ಸೇ ಬೇಡ ಅನ್ನುವವರು ಚೀನಾ ಕಡೆ ಬೊಟ್ಟು ಮಾಡುತ್ತಾರೆ. 2011ರ ಜುಲೈನಲ್ಲಿ ಹೆನಾನ್ ಪ್ರಾಂತ್ಯದಲ್ಲಿ ಸ್ಲೀಪರ್ ಬಸ್ ಉರಿದು 41 ಜನ ಸತ್ತರು. ಬಸ್ಸಿನಲ್ಲಿ ಅಕ್ರಮವಾಗಿ ಸಾಗಿಸುತ್ತಿದ್ದ ರಾಸಾಯನಿಕವಿತ್ತು. 2012ರ ಮಾರ್ಚ್‌ನಿಂದ ಹೊಸ ಸ್ಲೀಪರ್ ಬಸ್‌ಗಳ ತಯಾರಿಕೆಯನ್ನೇ ಅಲ್ಲಿ ನಿಲ್ಲಿಸಿದರು. ನಮ್ಮಲ್ಲೂ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2025ರ ಕೊನೆಯಲ್ಲಿ, ನಿಯಮ ಮೀರಿದ ಸ್ಲೀಪರ್‌ಗಳನ್ನು ರಸ್ತೆಯಿಂದ ತೆಗೆಯಿರಿ ಎಂದು ರಾಜ್ಯಗಳಿಗೆ ಹೇಳಿತು.

ಮಾಲೀಕರ ವಾದ ಬೇರೆ. ಡಿವೈಡರ್ ಹಾರಿ ಬರುವ ಲಾರಿಗೆ ನಾವೇನು ಮಾಡೋಣ? ರಾತ್ರಿ ರೈಲಿನಲ್ಲಿ ಸೀಟಿಲ್ಲ, ಹುಬ್ಬಳ್ಳಿ, ಕಲಬುರಗಿ, ಗೋಕರ್ಣಕ್ಕೆ ಜನ ಹೋಗುವುದಾದರೂ ಹೇಗೆ? ಕೆಎಸ್‌ಆರ್‌ಟಿಸಿಯೇ ಪಲ್ಲಕ್ಕಿ, ಅಂಬಾರಿ ಎಂದು ಸ್ಲೀಪರ್ ಓಡಿಸುತ್ತಿಲ್ಲವೇ?

ಪಾಲೆಂ ನೆನಪಿಸಿಕೊಳ್ಳಿ. ಅಲ್ಲಿ ಉರಿದದ್ದು ಸೀಟಿನ ಬಸ್. ಸ್ಲೀಪರ್ ತೆಗೆದುಹಾಕಿದ ಮಾತ್ರಕ್ಕೆ ಬೆಂಕಿ ನಿಲ್ಲುವುದಿಲ್ಲ. ಆದರೆ ಮಲಗಿದವರನ್ನು ಹೊರತರುವುದು ಕೂತವರನ್ನು ಹೊರತರುವುದಕ್ಕಿಂತ ಕಷ್ಟ ಅನ್ನುವುದರಲ್ಲಿ ವಾದವೇ ಇಲ್ಲ. ಹಾಗಾದರೆ ಮಲಗಿಸುವ ಬಸ್ಸಿಗೆ ಸೀಟಿನ ಬಸ್ಸಿಗಿಂತ ಹೆಚ್ಚು ಬಾಗಿಲು, ಅಗಲದ ಓಣಿ ಬೇಕು, ಪರದೆ ಕಡಿಮೆ ಇರಬೇಕು. ಅಂದರೆ ಬರ್ತು ಕಡಿಮೆ, ಟಿಕೆಟ್ ದುಬಾರಿ. ಮಾಲೀಕರು ಈ ಭಾಗಕ್ಕೆ ಬಂದಾಗ ರೈಲಿನ ಮಾತು ತೆಗೆಯುತ್ತಾರೆ. ಪ್ರಯಾಣಿಕರಾದ ನಾವೂ ಆ್ಯಪಿನಲ್ಲಿ ಮೊದಲು ನೋಡುವುದು ರೇಟನ್ನೇ, ಅದೂ ನಿಜ.

80 ಲೀಟರ್ ನೀರು

ತಂತ್ರಜ್ಞಾನ ಇಲ್ಲವೆಂದಲ್ಲ. 2020ರ ನವೆಂಬರ್‌ನಲ್ಲಿ ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಬಸ್ಸಿನ ಬೆಂಕಿ ನಂದಿಸುವ ಒಂದು ವ್ಯವಸ್ಥೆಯನ್ನು ದೆಹಲಿಯಲ್ಲಿ ತೋರಿಸಿತು. 80 ಲೀಟರ್ ನೀರಿನ ಟ್ಯಾಂಕು, ಒತ್ತಡದ ನೈಟ್ರೋಜನ್ ಸಿಲಿಂಡರ್, ಒಳಗೆ 16 ಕಡೆ ಸಣ್ಣ ಮೂತಿಗಳು. 30 ಸೆಕೆಂಡಿನೊಳಗೆ ಬೆಂಕಿ ಗುರುತಿಸಿ, ಇಬ್ಬನಿಯಂಥ ನೀರು ಸಿಂಪಡಿಸುತ್ತದೆ. ಹನಿ ಸಣ್ಣದಿದ್ದಷ್ಟೂ ಬೇಗ ಆವಿಯಾಗಿ ಶಾಖ ಹೀರುತ್ತದೆ, ಹಾಗಾಗಿ ಅಷ್ಟು ಕಡಿಮೆ ನೀರು ಸಾಲುತ್ತದೆ. 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದೂರ ಪ್ರಯಾಣದ ಬಸ್‌ಗಳಿಗೂ ಶಾಲಾ ಬಸ್‌ಗಳಿಗೂ ಪ್ರಯಾಣಿಕರಿರುವ ಭಾಗದಲ್ಲಿ ಇಂಥ ರಕ್ಷಣೆ ಬೇಕೆಂದು ನಿಯಮ ಹೊರಡಿಸಿತು. ಒಳಗಿನ ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟದಂತೆ ಹಿಡಿದು ಇಳಿಯಲು ಸಮಯ ಕೊಡುವುದು ಗುರಿ. ಎಂಜಿನ್ ಭಾಗಕ್ಕೆ ಎಐಎಸ್-135 ಅನ್ನುವ ಮಾನದಂಡ ಅದಕ್ಕಿಂತ ಮೊದಲೇ ಇತ್ತು.

ಇದರ ಮಿತಿಯನ್ನೂ ಹೇಳಬೇಕು. ಎಂಜಿನ್ನಿನ ಸಣ್ಣ ಬೆಂಕಿ, ಬರ್ತಿನ ಪಕ್ಕದ ವೈರ್ ಬೆಂಕಿಗೆ ಇದು ಚೆನ್ನ. ಟ್ಯಾಂಕ್ ಒಡೆದು ಇನ್ನೂರು ಲೀಟರ್ ಡೀಸೆಲ್ ಬಸ್ಸಿನಡಿ ಹರಿದಾಗ 80 ಲೀಟರ್ ನೀರು ಪವಾಡ ಮಾಡುವುದಿಲ್ಲ. ಗುದ್ದಿದ ಏಟಿಗೆ ಕೊಳವೆಯೇ ತುಂಡಾಗಬಹುದು. ಆಗ ಉಳಿಯುವುದು ಬಾಗಿಲು, ಕಿಟಕಿ ಮಾತ್ರ.

ಹೊಸ ನಿಯಮ ಏನು ಮಾಡಬಹುದು?

2026ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ, ಸ್ಲೀಪರ್ ಬಸ್‌ಗಳನ್ನು ಇನ್ನು ವಾಹನ ತಯಾರಕ ಕಂಪನಿಗಳು ಅಥವಾ ಕೇಂದ್ರದ ಮಾನ್ಯತೆ ಪಡೆದ ಘಟಕಗಳು ಮಾತ್ರ ಕಟ್ಟಬೇಕು ಎಂದರು. ಈಗಾಗಲೇ ಓಡುತ್ತಿರುವ ಬಸ್‌ಗಳಿಗೆ ಬೆಂಕಿ ಪತ್ತೆ ಸಾಧನ, ಸುತ್ತಿಗೆ ಸಹಿತ ತುರ್ತು ದ್ವಾರ ಅಳವಡಿಸಬೇಕು ಎಂದರು.

ಹೊಸ ಬಸ್‌ಗಳ ಮಟ್ಟಿಗೆ ಇದು ಫಲ ಕೊಡಬಹುದು. ತಪ್ಪು ಹೊರಬಂದರೆ ಹೊಣೆ ಯಾರದೆಂದು ಗೊತ್ತಿರುತ್ತದೆ. ಸಣ್ಣ ಶೆಡ್ಡುಗಳು ಕೆಲಸ ಕಳೆದುಕೊಳ್ಳುತ್ತವೆ. ಅಥವಾ, ಇದೇ ಹೆಚ್ಚು ಸಾಧ್ಯ, ‘ರಿಪೇರಿ’ ಎಂಬ ಹೆಸರಿನಲ್ಲಿ ಮಾರ್ಪಾಡು ಅಲ್ಲೇ ಮುಂದುವರಿಯುತ್ತದೆ. ಹಳೇ ಬಸ್‌ಗಳದ್ದು ದೊಡ್ಡ ತಲೆನೋವು. ದೊಡ್ಡ ಮಾರ್ಗದಲ್ಲಿ ತಪಾಸಣೆ ಬಿಗಿಯಾದರೆ ಅವು ಸಣ್ಣ ಊರುಗಳ ಮಾರ್ಗಕ್ಕೆ, ಮದುವೆ ದಿಬ್ಬಣಕ್ಕೆ, ಯಾತ್ರೆಗೆ ಮಾರಾಟವಾಗುತ್ತವೆ. ಜೊತೆಗೆ ಬೆಂಕಿ ಪತ್ತೆ ಸಾಧನವೂ ಒಂದು ವೈರಿಂಗೇ. ಅದನ್ನೂ ತಿರುಚಿ ಟೇಪ್ ಸುತ್ತಿ ಕೂರಿಸಿದರೆ ಏನಾಗುತ್ತದೆ ಎಂದು ಮೇಲೆ ಲೆಕ್ಕ ಹಾಕಿದ್ದೇವೆ.

ಅಲ್ಲಿಯವರೆಗೆ ಹತ್ತುವವರ ಕೈಯಲ್ಲಿರುವುದು ಕೆಲವೇ. ಗಾಳಿಯ ಒತ್ತಡದಿಂದ ತೆರೆಯುವ ಬಾಗಿಲಿಗೆ ಹತ್ತಿರದಲ್ಲೇ ಒಂದು ಕೆಂಪು ಗುಂಡಿ ಅಥವಾ ತಿರುಪು ಇರಬೇಕು. ಅದನ್ನು ತಿರುಗಿಸಿದರೆ ಗಾಳಿ ಹೊರಹೋಗಿ ಬಾಗಿಲನ್ನು ಕೈಯಿಂದ ತಳ್ಳಬಹುದು. ಹತ್ತುವಾಗ ಅದೆಲ್ಲಿದೆ ನೋಡಿಕೊಳ್ಳಿ. ಪಕ್ಕದ ಕಿಟಕಿಯ ಗಾಜು ಒಡೆಯಬೇಕಾದರೆ ನಡುವೆ ಹೊಡೆಯಬೇಡಿ, ಅಲ್ಲಿ ಅದು ಬಾಗಿ ಏಟನ್ನು ನುಂಗುತ್ತದೆ. ಮೂಲೆಗೆ, ಅಂಚಿನಿಂದ ನಾಲ್ಕು ಬೆರಳು ಒಳಗೆ, ಚೂಪಾದ ಲೋಹದಿಂದ ಹೊಡೆದರೆ ಇಡೀ ಗಾಜು ಪುಡಿಯಾಗುತ್ತದೆ. ಫಿಲ್ಮ್ ಅಂಟಿಸಿದ್ದರೆ ಪುಡಿಯಾದ ಮೇಲೂ ಹಾಳೆಯಂತೆ ನಿಂತಿರುತ್ತದೆ, ಕಾಲಿನಿಂದ ಒದ್ದು ಬೀಳಿಸಬೇಕು. ಮುಂದಿನ ದೊಡ್ಡ ಗಾಜಿನ ಮೇಲೆ ಶಕ್ತಿ ವ್ಯರ್ಥ ಮಾಡಬೇಡಿ, ಅದು ಎರಡು ಪದರದ್ದು, ಬಿರುಕು ಬಿಡುತ್ತದೆ, ಉದುರುವುದಿಲ್ಲ. ಹೊಗೆ ತುಂಬಿದ್ದರೆ ಎದ್ದು ಓಡುವ ಬದಲು ಬಗ್ಗಿ ನಡೆಯಿರಿ, ಉಸಿರಾಡುವ ಗಾಳಿ ಕೊನೆಗೆ ಉಳಿಯುವುದು ನೆಲದ ಹತ್ತಿರ. ಹೊರಗೆ ಬಂದ ಮೇಲೆ ಬ್ಯಾಗಿಗೆಂದು ಡಿಕ್ಕಿಯ ಬಾಗಿಲು ಎತ್ತಬೇಡಿ. ಒಳಗೆ ಏನು ಪಾರ್ಸೆಲ್ ಇದೆಯೋ ಚಾಲಕನಿಗೂ ಗೊತ್ತಿರುವುದಿಲ್ಲ.